ಕೈಯಲ್ಲೇ ಹಿಡೀಬೇಕು

ಜುಂಜಯ್ಯನವರು ಫೋನು ಮಾಡಿ, "ಒಂದು ಲೆನ್ಸ್ ತಗಬೇಕು ಕಣಯ್ಯ, ನೀನೂ ಬಾ ದುರ್ಗಕ್ಕೆ, ನೋಡಾಣ" ಎಂದಾಗ ಓಬಳೇಶನಿಗೆ ಮೊದಲು ಆದದ್ದು ಸಂತೋಷ. ಆ ಸಂತೋಷ ಎದೆಯಿಂದೆದ್ದು ಗಂಟಲಿನವರೆಗೆ ಬಂದ ಮೇಲೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಆ ದನಿ ಕೇಳಿ ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ದಿನಕ್ಕೊಮ್ಮೆಯಾದರೂ, ಹಲ್ಲುಜ್ಜುವಾಗಲೋ, ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಎದುರಿನ ತನ್ನ ಸ್ಟುಡಿಯೋದ ಶಟರ್ ಎತ್ತುವಾಗಲೋ, ಆ ಮನುಷ್ಯ ಮತ್ತೆ ಎದುರಾದರೆ ಆಡಬೇಕಾದ ಮಾತುಗಳನ್ನು ಅವನು ಜೋಡಿಸಿ, ಮಸೆದು ಇಟ್ಟುಕೊಂಡಿದ್ದ. ಅವುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಆಯ್ತು ಸಾರ್, ಹತ್ತೂವರೆ ಬಸ್ಸಿಗೆ ಬರ್ತೀನಿ" ಎಂದುಬಿಟ್ಟಿದ್ದ. ಪಾಸ್‌ಪೋರ್ಟ್ ಫೋಟೋಕ್ಕೆಂದು ಸ್ಟೂಲಿನ ಮೇಲೆ ಕೂತಿದ್ದ ದುರುಗಕ್ಕ ಎಂಬ ಮುದುಕಿ ಸೆರಗು ಸರಿಮಾಡಿಕೊಂಡು ಕ್ಯಾಮೆರಾವನ್ನೇ ನೋಡುತ್ತಿದ್ದಳು. ಒತ್ತಿದ. ನೋಡಿದರೆ ಮುದುಕಿಯ ಕಣ್ಣು ಮುಚ್ಚಿತ್ತು. ಮತ್ತೊಮ್ಮೆ ಒತ್ತಿದ. ಮತ್ತೆ ಮುಚ್ಚಿತ್ತು. "ಏನಪ್ಪ, ನಿಂಗೇನಾಗೈತೆ ಇವತ್ತು? ನಾನು ಕಣ್ ಬಿಟ್ಟಾಗ ನೀನು ಒತ್ತಲ್ಲ" ಎಂದಳು ಅವಳು.

ಅವಳು ಹೋದ ಮೇಲೆ, ಮೂಲೆಯಲ್ಲಿ ಕೂತು ಪ್ರಿಂಟುಗಳನ್ನು ಕತ್ತರಿಸುತ್ತಿದ್ದ ಹೆಂಡತಿ ಯಮುನಾ ಕೇಳಿದಳು. "ಯಾರ್ದು ಫೋನು?"

"ಜುಂಜಯ್ಯಂದು."

ಕತ್ತರಿ ನಿಂತಿತು. "ಹೋಗ್ತೀರಾ?"

"ಲೆನ್ಸ್ ಆರಿಸ್ಬೇಕಂತೆ."

"ಹೋಗಿ ಬರ್ರಿ. ದೊಡ್ಡೋರು ತಾವಾಗೇ ಕರ್ದವ್ರೆ. ಆಗಿದ್ದನ್ನೆಲ್ಲ ಎಷ್ಟು ದಿನ ಅಂತ ಮನಸ್ಸಲ್ಲಿ ಇಟ್ಕಂತೀರ."

ಆಗಿದ್ದನ್ನೆಲ್ಲ! ಅವಳ ಬಾಯಲ್ಲಿ ಅದು ಎಲ್ಲೋ ಚೆಲ್ಲಿದ ಹಾಲಿನ ಹಾಗೆ ಕೇಳಿಸಿತು. ಅವತ್ತು ಅವಳೂ ಅಲ್ಲೇ ಇದ್ದಳು. ಅವಳೂ ನಕ್ಕಿದ್ದಳು. ಅದು ತನಗೆ ಚುಚ್ಚಿದ್ದನ್ನು ಅವನು ಅವಳಿಗೆ ಎಂದೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮಡಿಲಲ್ಲಿದ್ದ ಕ್ಯಾಮೆರಾ ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಇದನ್ನು ಯಾಕೆ ತಂದೆ ಎಂದು ತನ್ನನ್ನೇ ಕೇಳಿಕೊಂಡ. ಅದರಲ್ಲಿದ್ದದ್ದು ಕ್ಯಾಮೆರಾ ಕೊಂಡಾಗ ಅದರ ಜೊತೆಗೇ ಬಂದ ಸಣ್ಣ ಲೆನ್ಸ್, ಹದಿನೆಂಟರಿಂದ ಐವತ್ತೈದು ಎಂ.ಎಂ.ನದು, ದೂರದ್ದನ್ನು ಹತ್ತಿರ ತಾರದಂಥದು. ಹೊಳಲ್ಕೆರೆ ಹೊಸದುರ್ಗದ ಅದೆಷ್ಟೋ ಮದುವೆಗಳನ್ನು ಅದರಲ್ಲೇ ತೆಗೆದಿದ್ದ. ಹನ್ನೊಂದು ವರ್ಷ ಅದೇ ಅನ್ನ ಹಾಕಿತ್ತು. ಜುಂಜಯ್ಯನವರು ಅದನ್ನು 'ಡಬ್ಬಿ' ಎನ್ನುತ್ತಿದ್ದರು. ಅವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ರಿಟೈರಾದವರು. ಹುಟ್ಟಿದ್ದು ಹರಿಯಬ್ಬೆ ಹಳ್ಳಿಯಲ್ಲಿ, ಮನೆತನದಲ್ಲಿ ಓದಿ ಮೇಲೆ ಬಂದವರಲ್ಲಿ ಮೊದಲಿಗರು, ಈಗ ಚಿತ್ರದುರ್ಗದಲ್ಲಿ ಮಹಡಿ ಮನೆ. ರಿಟೈರಾದ ಮಾರನೇ ತಿಂಗಳೇ ಮಾರುದ್ದದ ಒಂದು ಲೆನ್ಸ್ ಕೊಂಡು ಹಕ್ಕಿಗಳ ಹಿಂದೆ ಬಿದ್ದರು. ಯಾವ ಹಕ್ಕಿ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೆ ನೀರಿಗೆ ಇಳಿಯುತ್ತದೆ ಎಂದು ತೋರಿಸಲು ಓಬಳೇಶ ಬೇಕಾದ. ಮದುವೆಯಿಲ್ಲದ ಭಾನುವಾರಗಳಲ್ಲಿ ತನ್ನ ಪಾಡಿಗೆ ಗುಡ್ಡ ಅಲೆದು ಅವನು ಕಲಿತದ್ದನ್ನೆಲ್ಲ ಮೂರು ವರ್ಷ ಅವರ ಕಾರಿನ ಮುಂದಿನ ಸೀಟಿನಲ್ಲಿ ಕೂತು ಒಪ್ಪಿಸಿದ್ದ. "ನೋಡಯ್ಯ," ಎನ್ನುತ್ತಿದ್ದರು ಅವರು ಸ್ಟೇರಿಂಗ್ ಮೇಲೆ ತಾಳ ಹಾಕುತ್ತ, "ನೀನು ಪ್ರೊಫೆಷನಲ್ಲು, ನಿನ್ ಕೈಯಾಗೆ ಅಮೆಚೂರ್ ಲೆನ್ಸು. ನಾನು ಅಮೆಚೂರು, ನನ್ ಕೈಯಾಗೆ ಪ್ರೊಫೆಷನಲ್ ಲೆನ್ಸು. ಭಗವಂತ ಅದ್ಲು ಬದ್ಲು ಮಾಡಿಬಿಟ್ಟವ್ನೆ." ಓಬಳೇಶ ನಗುತ್ತಿದ್ದ. ಹಾಗೆ ನಗುವವರ ಮುಖ ಅವನಿಗೆ ಚೆನ್ನಾಗಿ ಗೊತ್ತು; ಮದುವೆ ಮನೆಗಳಲ್ಲಿ ಬೀಗರ ಮುಂದೆ ನಿಂತ ಹುಡುಗಿಯ ಅಪ್ಪಂದಿರ ಮುಖ. ತುಟಿ ಅಗಲವಾಗಿರುತ್ತದೆ, ಕಣ್ಣು ಮಾತ್ರ ಎದುರಿನವರ ಮುಖ ಕಾಯುತ್ತಿರುತ್ತದೆ.

ಆ ಚಿತ್ರ ಸಿಕ್ಕಿದ್ದು ಜೋಗಿಮಟ್ಟಿ ಗುಡ್ಡದಲ್ಲಿ. ಎರಡು ಬಂಡೆಗಳ ಸಂದಿಯಲ್ಲೊಂದು ದೊಣೆ, ಅಂಗೈಯಗಲ ನೀರು. ಹಳದಿ ಕೊರಳಿನ ಪಿಕಳಾರ ಹಕ್ಕಿ ಅಲ್ಲಿಗೆ ಬರುತ್ತದೆಂದು ಓಬಳೇಶ ನಾಲ್ಕು ವಾರ ಕೂತು ಕಂಡುಕೊಂಡಿದ್ದ. ಅವತ್ತು ಇಬ್ಬರೂ ಎರಡು ಗಂಟೆ ಕಾದರು. ಬೇಸತ್ತ ಜುಂಜಯ್ಯನವರು "ಹಿಡಕಳಯ್ಯ ಇದನ್ನ" ಎಂದು ಕ್ಯಾಮೆರಾ ಸಮೇತ ಲೆನ್ಸನ್ನು ಅವನ ಕೈಗೆ ಕೊಟ್ಟು, ಆಚೆ ಬಂಡೆಯ ನೆರಳಲ್ಲಿ ಕೂತು ಕಿತ್ತಳೆ ಸುಲಿಯತೊಡಗಿದರು. ಆಗಲೇ ಹಕ್ಕಿ ಬಂತು. ಓಬಳೇಶ ಆ ಭಾರವನ್ನು ಎದೆಗೊತ್ತಿ, ಉಸಿರು ಹಿಡಿದ. ಹಕ್ಕಿ ಕೊಕ್ಕು ಅದ್ದಿ ತಲೆ ಎತ್ತಿತು. ಕೊಕ್ಕಿನ ತುದಿಯಲ್ಲಿ ಒಂದು ಹನಿ ನಿಂತಿತು. ಆ ಹನಿಯೊಳಗೆ ಬಂಡೆಯೂ ಆಕಾಶವೂ ತಲೆಕೆಳಗಾಗಿ ಕಂಡವು. ಜೀವಮಾನದಲ್ಲಿ ಅಂಥದೊಂದು ಸಿಕ್ಕರೆ ಸಾಕು. ಅವನು ಅವರನ್ನು ಕೂಗಿ ಕರೆದು ತೋರಿಸಿದ. ಕಿತ್ತಳೆಯ ಕೈಯಲ್ಲೇ ಅವನ ಬೆನ್ನು ತಟ್ಟಿದ್ದರು. ಅಂಗಿಯ ಮೇಲೆ ಆ ರಸದ ಕಲೆ ಬಹಳ ದಿನ ಉಳಿದಿತ್ತು.

ಮೂರು ತಿಂಗಳಿಗೆ ದುರ್ಗದ ಫೋಟೋ ಬಳಗದ ಪ್ರದರ್ಶನವಾಯಿತು. ಯಮುನಾಳನ್ನೂ ಕರೆದುಕೊಂಡು ಹೋಗಿದ್ದ. ಅವಳು ರೇಷ್ಮೆ ಸೀರೆ ಉಟ್ಟಿದ್ದಳು. ಬಾಗಿಲ ಎದುರಿಗೇ ನಾಲ್ಕಡಿ ಅಗಲದ ಹಕ್ಕಿ, ಕೊಕ್ಕಿನ ತುದಿಯಲ್ಲಿ ಹನಿ, ಕೆಳಗೆ 'ಇಂ. ಜುಂಜಯ್ಯ' ಎಂದು ಅಚ್ಚು, ಚೌಕಟ್ಟಿಗೆ ಮೊದಲ ಬಹುಮಾನದ ಕೆಂಪು ರಿಬ್ಬನ್. ಓಬಳೇಶನಿಗೆ ಏನೋ ತಪ್ಪಾಗಿರಬೇಕು ಅನ್ನಿಸಿತು, ಅಚ್ಚಿನವನ ತಪ್ಪು. ಹತ್ತಿರ ಹೋಗಿ ಮೆಲ್ಲಗೆ, "ಸಾರ್, ಇದು ನಾನು ತೆಗೆದಿದ್ದಲ್ವಾ" ಎಂದ. ಅವರು ಮೆಲ್ಲಗೆ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಹತ್ತು ಜನಕ್ಕೆ ಕೇಳುವಂತೆ, "ಲೇ, ಕ್ಯಾಮೆರಾ ನಂದು, ಲೆನ್ಸ್ ನಂದು, ಕಾರ್ಡ್ ನಂದು. ನಿಂದೇನೈತಪ್ಪ, ಒಂದು ಬೆರಳು ತಾನೆ? ಬೇಕಾದ್ರೆ ಬೆರಳಿಗೊಂದು ಸರ್ಟಿಫಿಕೇಟು ಕೊಡಿಸ್ತೀನಿ ಬಿಡು!" ಎಂದರು. ಎಲ್ಲರೂ ನಕ್ಕರು. ಆ ನಗೆಯ ನಡುವೆ ಓಬಳೇಶ ತಿರುಗಿ ನೋಡಿದಾಗ ಯಮುನಾ ಕೂಡ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ತಮಾಷೆಯೆಂದುಕೊಂಡಿದ್ದಳು ಪಾಪ, ಗಂಡನನ್ನು ಇಷ್ಟು ಸಲಿಗೆಯಿಂದ ಮಾತಾಡಿಸುತ್ತಾರಲ್ಲ ದೊಡ್ಡವರು ಎಂದು ಹಿಗ್ಗಿದ್ದಳು. ಅವನಿಗೆ ತನ್ನ ಬಲಗೈಯ ತೋರುಬೆರಳು ಕಾದ ಕಬ್ಬಿಣದ ಹಾಗೆ ಸುಡತೊಡಗಿತ್ತು. ಅವನೂ ನಕ್ಕಿದ್ದ.

ಬಿ.ಡಿ. ರಸ್ತೆಯಲ್ಲಿ ಮೆಟ್ಟಿಲು ಹತ್ತಿ ವಿನೋದನ ಕ್ಯಾಮೆರಾ ಅಂಗಡಿಗೆ ಬಂದಾಗ ಜುಂಜಯ್ಯನವರು ಆಗಲೇ ಬಂದು ಕೂತಿದ್ದರು. ಸೊರಗಿಹೋಗಿದ್ದರು. ಕತ್ತಿನ ಚರ್ಮ ಸಡಿಲವಾಗಿತ್ತು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. "ಬಾರಯ್ಯ, ಕುಂತ್ಕ. ಟೀ ಹೇಳು ವಿನೋದ" ಎಂದರು, ನಿನ್ನೆ ಸಂಜೆ ಬಿಟ್ಟುಹೋದ ಮಾತನ್ನು ಮುಂದುವರಿಸುವವರ ಹಾಗೆ. ಎರಡು ವರ್ಷ ಎಂಬುದು ಅವರಿಗೆ ಇರಲೇ ಇಲ್ಲ. ಓಬಳೇಶನಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇದು. ತಾನು ಎರಡು ವರ್ಷ ದಿನಾ ಎಣ್ಣೆ ಬಿಟ್ಟು ಉರಿಸಿಕೊಂಡು ಬಂದ ದೀಪದ ಬೆಳಕು ಅವರ ಮನೆಯ ಅಂಗಳದವರೆಗೂ ಮುಟ್ಟಿರಲಿಲ್ಲ.

"ಹಳೇ ಲೆನ್ಸ್ ಏನಾಯ್ತು ಸಾರ್?"

"ಮಾರಿದೆ. ಹಳೇದಾಗಿತ್ತು" ಎಂದು ಅವರು ಕಿಟಕಿಯಾಚೆ ನೋಡಿದರು. ಟೀ ಬಂತು. ಗ್ಲಾಸನ್ನು ಎಡಗೈಯಲ್ಲಿ ಎತ್ತಿಕೊಂಡರು.

ವಿನೋದ ಗಾಜಿನ ಮೇಜಿನ ಮೇಲೆ ಎರಡು ಲೆನ್ಸ್ ಇಟ್ಟ. ಒಂದು ಚಿಕ್ಕದು, ಕೈಚೀಲದಲ್ಲಿ ಹಿಡಿಸುವಂಥದು, ಅರ್ಧ ಕೇಜಿಯೂ ಇಲ್ಲ. ಕೈ ಅಲುಗಿದರೆ ಒಳಗಿನ ಗಾಜು ತಾನೇ ಸರಿದು ಸಂಭಾಳಿಸುವಂಥದು. ಇನ್ನೊಂದು ಮೂರು ಕೇಜಿಯದು, ತೋಳುದ್ದ, ಬೆಳ್ಳಗೆ, ಮದುಮಗನ ಹಾಗೆ ಪೆಟ್ಟಿಗೆಯಲ್ಲಿ ಮಲಗಿತ್ತು. "ನೋಡ್ರಿ ಸಾರ್, ಶೋಕಿಗೆ ತೆಗೆಯೋರಿಗೆ ಇದು ಸಾಕು. ಪ್ರೊಫೆಷನಲ್ ಅಂದ್ರೆ ಈ ಬಿಳೀದೇ" ಎಂದು ವಿನೋದ ಹೇಳಿ, ಫೋನು ಬಂತೆಂದು ಒಳಕೋಣೆಗೆ ಹೋದ. ಜುಂಜಯ್ಯನವರು ಜೇಬಿನಿಂದ ಕೈ ತೆಗೆದು ಚಿಕ್ಕದನ್ನು ಎತ್ತಿಕೊಂಡರು. ಆಗ ಓಬಳೇಶನಿಗೆ ಸದ್ದು ಕೇಳಿಸಿತು. ಟಿಕ್ ಟಿಕ್ ಟಿಕ್. ಅವರ ಉಂಗುರ ಲೆನ್ಸಿನ ಅಂಚಿಗೆ ಬಡಿಯುತ್ತಿತ್ತು. ಕೈ ನಡುಗುತ್ತಿತ್ತು. ವಯಸ್ಸಿನ ನಡುಕವಲ್ಲ ಅದು. ಅದಕ್ಕೊಂದು ಲೆಕ್ಕವಿತ್ತು, ತಾಳವಿತ್ತು, ಹೆಬ್ಬೆರಳು ತೋರುಬೆರಳಿಗೆ ಒಂದೇ ಸಮನೆ ಏನನ್ನೋ ಹೊಸೆದುಕೊಡುತ್ತಿರುವಂತಿತ್ತು. ಅವರು ಕೈಯನ್ನು ನೋಡಲಿಲ್ಲ. ಲೆನ್ಸನ್ನೂ ನೋಡಲಿಲ್ಲ. ಓಬಳೇಶನನ್ನು ನೋಡಿದರು.

"ಹಗುರ ಐತೆ ಕಣಯ್ಯ ಇದು."

"ಹೌದು ಸಾರ್."

"ಇದ್ರಾಗೂ ಬರ್ತಾವೆ ಅಲ್ವೇನೋ ಹಕ್ಕಿ? ಸ್ವಲ್ಪ ಹತ್ರ ಹೋದ್ರೆ? ನೀನೇ ಹೇಳಪ್ಪ."

ಆ 'ನೀನೇ ಹೇಳಪ್ಪ' ಎಂಬುದರಲ್ಲಿದ್ದ ಬೇಡಿಕೆ ಓಬಳೇಶನಿಗೆ ತಕ್ಷಣ ಅರ್ಥವಾಯಿತು. ಮಂಟಪದಲ್ಲಿ ಕುರ್ಚಿ ಕಂಡರೂ ಯಾರಾದರೂ 'ಕುಂತ್ಕಳ್ರಿ' ಎನ್ನಲೆಂದು ಕಾಯುತ್ತ ನಿಲ್ಲುವವರಿರುತ್ತಾರಲ್ಲ, ಹಾಗೆ. 'ಇದೇ ಸಾಕು ಸಾರ್, ಒಳ್ಳೇ ಲೆನ್ಸು, ನಾನೂ ಇಂಥದ್ರಲ್ಲೇ ತೆಗೆಯಾದು' ಎಂದು ಒಂದು ಮಾತು ತನ್ನ ಬಾಯಿಂದ ಬಂದರೆ ಆ ಮನುಷ್ಯ ಚಿಕ್ಕದನ್ನು ಚೀಲಕ್ಕೆ ಹಾಕಿಕೊಂಡು ಮಾನ ಉಳಿಸಿಕೊಂಡು ಮೆಟ್ಟಿಲಿಳಿಯುತ್ತಾರೆ. ಮಾತು ನಾಲಗೆಯ ಮೇಲೆ ಬಂದೂ ಇತ್ತು. ಸತ್ಯವೂ ಅದೇ. ಇಪ್ಪತ್ತು ವರ್ಷದ ಕಸುಬಿನವನು ಯಾರಿಗಾದರೂ ಕೊಡಬೇಕಾದ ಸಲಹೆಯೂ ಅದೇ. ಓಬಳೇಶ ಆ ಮಾತನ್ನು ಅಲ್ಲೇ ನಿಲ್ಲಿಸಿ, ಟೀಯ ಕೊನೆಯ ಗುಟುಕಿನ ಜೊತೆ ನುಂಗಿದ. ಎಂಥ ರುಚಿಯಾಗಿತ್ತು ಆ ಗುಟುಕು. ಎರಡು ವರ್ಷದಲ್ಲಿ ಮೊದಲ ಸಲ ಅವನ ಮೈಯೊಳಗೆ ಎಲ್ಲವೂ ತಣ್ಣಗೆ, ಸ್ಪಷ್ಟವಾಗಿ, ಒಂದೊಂದು ಎಳೆಯೂ ಕಾಣುವಂತೆ ಫೋಕಸ್ಸಿಗೆ ಬಂತು. ಬೈಯಬೇಕಾಗಿಲ್ಲ, ಜಗಳ ಆಡಬೇಕಾಗಿಲ್ಲ, ಹೊಗಳಿದರೆ ಸಾಕು.

"ಇದು ಅಮೆಚೂರ್‌ಗಳದ್ದು ಸಾರ್," ಎಂದ. "ನಿಮ್ ಹೆಸ್ರಿಗೆ ಇದು ಒಪ್ಪಲ್ಲ. ಬಹುಮಾನ ತಗಂಡೋರು ನೀವು. ಬಳಗದೋರೆಲ್ಲ ಏನಂತಾರೆ, ಜುಂಜಯ್ಯ ಸಾಹೇಬ್ರು ಡಬ್ಬಿ ಹಿಡ್ಕಂಡು ಬಂದವ್ರೆ ಅನ್ನಲ್ವಾ? ನಿಮಗೆ ಇದೇ ಸಾರ್." ಬಿಳಿಯದನ್ನು ಎರಡೂ ಕೈಯಿಂದ ಎತ್ತಿ, ಮಗುವನ್ನು ಕೊಡುವಂತೆ ಅವರ ಮಡಿಲಿಗಿಟ್ಟ.

ವಿನೋದ ಹೊರಗೆ ಬಂದು, "ಇದನ್ನ ತಗಂಡ್ರೆ ಸ್ಟ್ಯಾಂಡೂ ತಗಳ್ರಿ ಸಾರ್, ಭಾರ ಐತೆ" ಎಂದ.

"ಬಂಡೆ ಮೇಲೆ ಸ್ಟ್ಯಾಂಡ್ ಎಲ್ಲಿಡ್ತೀಯಪ್ಪ?" ಎಂದ ಓಬಳೇಶ. "ಹಕ್ಕಿ ಒಂದ್ ಕಡೆ ಕುಂತಿರ್ತೈತಾ? ಪ್ರೊಫೆಷನಲ್ಲು ಅಂದ್ರೆ ಕೈಯಲ್ಲೇ ಹಿಡೀಬೇಕು."

ಅದು ಸುಳ್ಳು. ಅವತ್ತು ಅವನು ಆಡಿದ ಒಂದೇ ಒಂದು ಶುದ್ಧ ಸುಳ್ಳು. ಆ ಲೆನ್ಸ್ ಹಿಡಿಯುವವರು ಮೂರು ಕಾಲಿನ ಸ್ಟ್ಯಾಂಡ್ ಇಲ್ಲದೆ ಮನೆ ಬಿಡುವುದಿಲ್ಲ. ಅದು ಓಬಳೇಶನಿಗೂ ಗೊತ್ತು, ವಿನೋದನಿಗೂ ಗೊತ್ತು. ವಿನೋದ ಒಂದು ಕ್ಷಣ ಅವನ ಮುಖ ನೋಡಿ, ಗಿರಾಕಿ ಒಪ್ಪಿದರೆ ತನಗೇನು ಎಂಬಂತೆ ಪೆಟ್ಟಿಗೆ ಕಟ್ಟತೊಡಗಿದ. ಜುಂಜಯ್ಯನವರು ಬಲಗೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. "ಸರಿ ಬಿಡು. ನೀನು ಹೇಳಿದ್ ಮೇಲೆ ಮುಗೀತು" ಎಂದರು. ಮೆಟ್ಟಿಲಿಳಿಯುವಾಗ ಪೆಟ್ಟಿಗೆಯನ್ನು ಓಬಳೇಶನೇ ಹೊತ್ತಿದ್ದ. ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟು, ಅಲುಗದಂತೆ ಬೆಲ್ಟು ಬಿಗಿದ. ಪಾಪ ಅನ್ನಿಸಿತೆ? ಅನ್ನಿಸಿತು, ಗಾಂಧಿ ವೃತ್ತ ದಾಟುವವರೆಗೆ. ಬಸ್ಸು ಹತ್ತಿದ ಮೇಲೆ ಆ ಪಾಪವನ್ನು ತಿರುಗಿಸಿ ನೋಡಿದರೆ ಅದರ ಹಿಂದೆಯೂ ಸಂತೋಷವೇ ಇತ್ತು.

ಅದಾದ ಮೂರನೇ ಭಾನುವಾರ ಬಳಗದವರೆಲ್ಲ ಶ್ರೀರಾಂಪುರದ ಕಡೆಯ ಒಂದು ಬಂಡೆಗುಡ್ಡಕ್ಕೆ ಹೊರಟರು. ಜಾಗ ಹೇಳಿದವನು ಓಬಳೇಶ. ಬೆಳಗಿನ ಆರೂವರೆ, ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಮಂಜಿನಲ್ಲಿ ರೆಕ್ಕೆಯ ತುದಿ ಮಾತ್ರ ತೋರಿಸುತ್ತ ತಿರುಗುತ್ತಿದ್ದವು. ಏಳು ಜನ. ಕಾಲೇಜಿನಲ್ಲಿ ಪಾಠ ಮಾಡುವ ಪಲ್ಲವಿ ಬಳಗದ ಕಾರ್ಯದರ್ಶಿ, ಅವಳೂ ಇದ್ದಳು. ಜುಂಜಯ್ಯನವರು ಬಿಳಿ ಲೆನ್ಸ್ ಹೊರತೆಗೆದಾಗ ಎಲ್ಲರೂ ಸುತ್ತ ನೆರೆದು ಮುಟ್ಟಿ ನೋಡಿದರು. "ಓಬಳೇಶ ಆರಿಸಿಕೊಟ್ಟಿದ್ದು" ಎಂದರು ಅವರು. ಎಲ್ಲರೆದುರಿಗೆ ತನ್ನ ಹೆಸರನ್ನು ಅವರು ಹಾಗೆ ಹೇಳಿದ್ದು ಅದೇ ಮೊದಲು. ಓಬಳೇಶ ಕಾರು ನಿಂತಿದ್ದ ಕಡೆ ತಿರುಗಿ ನೋಡಿದ. ಈಗಲೂ ಹೇಳಬಹುದು, ಕಾರಿನಲ್ಲಿ ಪಲ್ಲವಿಯ ಸ್ಟ್ಯಾಂಡ್ ಇದೆ, ತರುತ್ತೇನೆ ಸಾರ್ ಎಂದು. ಆಗ ಆ ನಾಲ್ಕಡಿ ಅಗಲದ ಹಕ್ಕಿ ಕಣ್ಣ ಮುಂದೆ ಬಂತು, ಸೆರಗಿನ ಹಿಂದಿನ ಯಮುನಾಳ ನಗು ಬಂತು. ಬಾಯಿ ಮುಚ್ಚಿಕೊಂಡ.

ಅದೇ ಹಳದಿ ಕೊರಳಿನ ಹಕ್ಕಿಗಳು ಬಂದವು, ಒಂದಲ್ಲ, ಜೋಡಿ. ಅಲ್ಲಿನ ದೊಣೆಯ ಅಂಚಿನಲ್ಲಿ ಕೂತು, ಮುಳುಗಿ, ಮೈ ಕೊಡವಿ, ಮತ್ತೆ ಕೂತು, ಫೋಟೋ ತೆಗೆಸಿಕೊಳ್ಳಲೆಂದೇ ಬಂದವರ ಹಾಗೆ ಕಾಲು ಗಂಟೆ ಅಲ್ಲೇ ಇದ್ದವು. ಎಲ್ಲರ ಕ್ಯಾಮೆರಾಗಳೂ ಚಟಪಟ ಎಂದವು. ಜುಂಜಯ್ಯನವರ ಕ್ಯಾಮೆರಾ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿತು. ಹಕ್ಕಿ ಹಾರಿದ ಮೇಲೆ ಪಲ್ಲವಿ, "ಸಾರ್, ನಿಮ್ದು ತೋರಿಸ್ರಿ ಮೊದ್ಲು, ಹೊಸ ಲೆನ್ಸಿಂದು" ಎಂದು ಹತ್ತಿರ ಬಂದಳು. ಆರು ತಲೆಗಳು ಆ ಪುಟ್ಟ ಪರದೆಯ ಮೇಲೆ ಬಾಗಿದವು. ಹಳದಿ ಗೀರು. ಮುಂದಿನದು, ಬೂದು ಗೀರು. ಮುಂದಿನದು, ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಬಂಡೆ, ಹಕ್ಕಿ, ನೀರು ಎಲ್ಲ ಕಲೆಸಿಹೋಗಿತ್ತು. ನೂರಾ ಹದಿನೇಳು ಚಿತ್ರ. ಅವರು ಒಂದೊಂದನ್ನೂ ಬಿಡದೆ, ಮುಂದಿನದು ಬಂದಿರಬಹುದು ಎಂಬಂತೆ, ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಯಾರೋ ಕೆಮ್ಮಿದರು. "ಲೆನ್ಸ್ ಸರಿಯಿಲ್ಲ," ಎಂದರು ಜುಂಜಯ್ಯನವರು. "ಮೋಸ ಮಾಡಿಬಿಟ್ಟ ಆ ವಿನೋದ. ನೋಡಯ್ಯ ಓಬಳೇಶ, ನೀನು ನೋಡು."

ಓಬಳೇಶ ಕೈಗೆ ತೆಗೆದುಕೊಂಡ. ಇದನ್ನು ಅವನು ಯೋಚಿಸಿರಲಿಲ್ಲ. ತಾನಾಗಿ ತಟ್ಟೆಗೆ ಬಂದು ಬಿದ್ದಿತ್ತು. ದೂರದ ಜಾಲಿ ಗಿಡದ ತುದಿಯಲ್ಲಿ ಒಂದು ಹಕ್ಕಿ ಇನ್ನೂ ಮೈ ಒಣಗಿಸಿಕೊಳ್ಳುತ್ತಿತ್ತು. ಮೊಣಕೈ ಪಕ್ಕೆಗೊತ್ತಿ, ಬಂಡೆಗೆ ಭುಜ ಆನಿಸಿ, ಅರ್ಧ ಉಸಿರು ಬಿಟ್ಟು ಒತ್ತಿದ. ಒಂದೇ ಸಲ. ಪರದೆಯನ್ನು ಎಲ್ಲರ ಕಡೆ ತಿರುಗಿಸಿದ. ಕಣ್ಣ ಸುತ್ತಲಿನ ಬಿಳಿ ಉಂಗುರ, ಕೊರಳಿನ ಹಳದಿಯ ಒಂದೊಂದು ಪುಕ್ಕ, ಎಲ್ಲವನ್ನೂ ಎಣಿಸಬಹುದಿತ್ತು.

"ಲೆನ್ಸ್ ಚೆನ್ನಾಗೈತೆ ಸಾರ್" ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತೇನೋ. ಎಲ್ಲರೂ ಒಮ್ಮೆಲೇ ತಮ್ಮ ತಮ್ಮ ಚೀಲಗಳ ಜಿಪ್ಪು ಹುಡುಕತೊಡಗಿದರು. ಜುಂಜಯ್ಯನವರು ಅವನ ಕೈಯಿಂದ ಕ್ಯಾಮೆರಾ ಇಸಿದುಕೊಂಡು, ದೊಣೆಯ ಹತ್ತಿರ ಹೋಗಿ ನೆರಳಿನಲ್ಲಿ ಒಬ್ಬರೇ ಕೂತು, ಹಕ್ಕಿಯಿಲ್ಲದ ನೀರಿಗೆ ಲೆನ್ಸ್ ಹಿಡಿದರು. ಕೈ ನಿಲ್ಲಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದರು. ಲೆನ್ಸ್ ವಾಲಿತು. ತೊಡೆಯ ಮೇಲಿಟ್ಟು, ಮತ್ತೆ ಎದೆಯವರೆಗೆ ಎತ್ತಿದರು. ಓಬಳೇಶ ತನ್ನ ಚೀಲದಿಂದ ಸಣ್ಣ ಲೆನ್ಸಿನ ಕ್ಯಾಮೆರಾ ತೆಗೆದ. ಅದರ ಶಟರ್ ವೇಗವನ್ನು ಸೆಕೆಂಡಿನ ಹದಿನೈದರಲ್ಲೊಂದು ಪಾಲಿಗೆ ಇಳಿಸಿದ. ಅಷ್ಟು ನಿಧಾನದಲ್ಲಿ ನಿಂತದ್ದು ನಿಂತ ಹಾಗೆ ಬರುತ್ತದೆ, ಅಲುಗಿದ್ದು ಕಲೆಸಿಹೋಗುತ್ತದೆ. ಆ ಕೈ ಕಲೆಸಿಹೋಗಲೆಂದೇ ಅವನು ಅದನ್ನು ಆರಿಸಿದ್ದು. ಬಂಡೆಗೆ ಒರಗಿ, ಉಸಿರು ಹಿಡಿದು ಕಾದ. ಅವರು ಕಣ್ಣು ಕಿರಿದು ಮಾಡಿ, ತುಟಿ ಕಚ್ಚಿ, ತಲೆಯನ್ನು ಒಂದಿಷ್ಟೂ ಅಲುಗಿಸದೆ ನೀರನ್ನೇ ನೋಡುತ್ತಿದ್ದ ಕ್ಷಣ ಒತ್ತಿದ. ಸಿಕ್ಕಿತು. ಮುಖ ಕಲ್ಲಿನಲ್ಲಿ ಕೆತ್ತಿದಂತೆ, ಹಣೆಯ ಗೆರೆ, ಕೆನ್ನೆಯ ಮೇಲಿನ ಬಿಳಿ ಕೂದಲು ಎಲ್ಲ ಸ್ಪಷ್ಟ. ಎದೆಯ ಮುಂದೆ ಕೈ ಮತ್ತು ಲೆನ್ಸ್ ಇರಬೇಕಾದಲ್ಲಿ ಒಂದು ಬಿಳಿಯ ಹೊಗೆ.

ಮುಂದಿನ ಪ್ರದರ್ಶನಕ್ಕೆ ಅದನ್ನೇ ಕೊಟ್ಟ. ಮೂರಡಿಗೆ ಹಿಗ್ಗಿಸಿ, ಕೆಳಗೆ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ, ಮೇಲೆ ಒಂದೇ ಪದ: 'ಹವ್ಯಾಸಿ'. ಕೈಲಾಗದವನು, ವೇಷ ಹಾಕಿದವನು, ಎಲ್ಲ ಕೊಂಡರೂ ಕಸುಬು ಕೊಳ್ಳಲಾಗದವನು ಎಂದೆಲ್ಲ ಆ ಪದದೊಳಗೆ ತುಂಬಿದ್ದ. ಯಮುನಾಳನ್ನು ಕರೆದುಕೊಂಡು ಹೋಗಲಿಲ್ಲ. ಇಡೀ ಬೆಳಗ್ಗೆ ಸಭಾಂಗಣದ ಕಂಬದ ಪಕ್ಕ ನಿಂತು ಬಾಗಿಲನ್ನೇ ನೋಡಿದ. ಆ ಮನುಷ್ಯ ಬರಬೇಕು, ತನ್ನ ನಡುಗುವ ಕೈಯನ್ನು ಎಲ್ಲರೂ ನೋಡುವುದನ್ನು ನೋಡಬೇಕು, ಕೆಂಪಾಗಬೇಕು, ಕೂಗಾಡಬೇಕು. ಆಗ ತಾನು ಆಡಬೇಕಾದ ಮಾತು ಈ ಸಲ ಮರೆಯದಂತೆ ಬಾಯಲ್ಲೇ ಇತ್ತು. ಆದರೆ ಬಂದವರು ಒಬ್ಬೊಬ್ಬರೂ ಆ ಚಿತ್ರದ ಮುಂದೆ ನಿಂತು ಸುಮ್ಮನಾಗುತ್ತಿದ್ದರು. ಪಲ್ಲವಿ ಕಣ್ಣು ಒರೆಸಿಕೊಂಡಳು. "ಎಷ್ಟು ಪ್ರೀತಿಯಿಂದ ನೋಡಿದ್ದೀರ ಅಣ್ಣ ಅವ್ರನ್ನ. ಕೈ ಹೋದ್ರೂ ಹಕ್ಕಿ ಬಿಡಲ್ಲ ಅಂತಾರಲ್ಲ ಆ ಮನುಷ್ಯ! 'ಹವ್ಯಾಸಿ', ಎಂಥ ಹೆಸ್ರು ಇಟ್ಟಿದ್ದೀರ" ಎಂದಳು. ಓಬಳೇಶ ತಿರುಗಿ ಹೋಗಿ ಚಿತ್ರ ನೋಡಿದ. ಎಲ್ಲಿದೆ ಪ್ರೀತಿ? ತಾನು ಇಟ್ಟ ವಿಷ ಎಲ್ಲಿ ಹೋಯಿತು? ಹುಡುಕಿದಷ್ಟೂ ಆ ಮುಖ ದೊಡ್ಡದಾಗುತ್ತ, ಶಾಂತವಾಗುತ್ತ ಹೋಯಿತು. ಹನ್ನೆರಡಕ್ಕೆ ತೀರ್ಪುಗಾರರು ಬಂದು ಅದಕ್ಕೆ ಕೆಂಪು ರಿಬ್ಬನ್ ಅಂಟಿಸಿದರು.

ಜುಂಜಯ್ಯನವರು ಬಂದದ್ದು ಆಮೇಲೆ, ಹೆಂಡತಿ ಹೇಮಾವತಿಯವರ ತೋಳು ಹಿಡಿದು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಅವರು ನಿಧಾನವಾಗಿ ಜೇಬಿನಿಂದ ಬಲಗೈ ತೆಗೆದು, ಎಲ್ಲರೆದುರಿಗೂ, ಅದರ ನಡುಕದ ಸಮೇತ, ಚೌಕಟ್ಟಿನ ಅಂಚು ಮುಟ್ಟಿದರು. "ಯಾವ ಲೆನ್ಸಯ್ಯ?" ಎಂದರು.

"ನಂದೇ ಸಾರ್. ಆ ಸಣ್ಣದು."

"ನೋಡ್ರಪ್ಪ," ಎಂದು ಜನರ ಕಡೆ ತಿರುಗಿದರು. ದನಿಯಲ್ಲಿ ಹಳೆಯ ಗತ್ತು ಮರಳಿತ್ತು. "ಇವನನ್ನ ತಯಾರು ಮಾಡಿದ್ದು ನಾನು. ಮೂರು ವರ್ಷ ಕಾರಲ್ಲಿ ಕುಂಡ್ರಿಸ್ಕಂಡು ಗುಡ್ಡ ಗುಡ್ಡ ಸುತ್ತಿಸಿದೀನಿ. ನನ್ ಶಿಷ್ಯ ಇವ್ನು." ಚಪ್ಪಾಳೆ ಬಿತ್ತು. ಓಬಳೇಶನ ಬಾಯಲ್ಲಿದ್ದ ಮಾತು ಬಾಯಲ್ಲೇ ಒಣಗಿತು. ಈ ಚಿತ್ರವನ್ನೂ ತೆಗೆದುಕೊಂಡುಬಿಟ್ಟರು. ಹೆಸರು ತನ್ನದಿದೆ, ಲೆನ್ಸ್ ತನ್ನದು, ಕ್ಯಾಮೆರಾ ತನ್ನದು. ಆದರೂ ಅವರ ಒಂದು ಮಾತಿಗೆ ಅದು ಅವರದಾಯಿತು. ಎಲ್ಲಿ ಹಿಡಿದು ಹೊಡೆದರೂ ಪೆಟ್ಟು ತಾಗದಂಥ ಮನುಷ್ಯ! ಅವರನ್ನು ಅಷ್ಟು ದ್ವೇಷಿಸಿದ ಗಳಿಗೆ ಆ ಎರಡು ವರ್ಷದಲ್ಲೂ ಇರಲಿಲ್ಲ.

ಜನ ಅವರ ಸುತ್ತ ಮುತ್ತಿದಾಗ ಹೇಮಾವತಿಯವರು ಓಬಳೇಶನ ಪಕ್ಕಕ್ಕೆ ಬಂದರು. ಅವರು ಚಿತ್ರ ನೋಡುತ್ತಿರಲಿಲ್ಲ.

"ಒಂದ್ ಮಾತು ಕೇಳ್ತೀನಿ ಓಬಳೇಶ್. ಅವತ್ತು ಸಣ್ಣದೇ ತರ್ತೀನಿ ಅಂತ ಹೇಳಿ ಹೋಗಿದ್ರು ಮನೇಲಿ. ಡಾಕ್ಟ್ರೂ ಹೇಳಿದ್ರು, ಹಗುರದ್ದು ಏನಾದ್ರೂ ಹಿಡಕಳ್ರಿ, ಕೈಗೊಂದು ಕೆಲಸ ಇರ್ಲಿ ಅಂತ. ಒಬ್ರೇ ಹೋಗಾಕೆ ನಾಚಿಕೆ ಅವ್ರಿಗೆ. ಓಬಳೇಶನ್ನ ಕರ್ಕಂತೀನಿ, ಅವ್ನು ನಗಲ್ಲ ಅಂದ್ರು." ಅವರು ಗಂಡನ ಕಡೆ ಒಮ್ಮೆ ನೋಡಿದರು. "ದೊಡ್ಡದು ಹೆಂಗೆ ಬಂತು?"

"ಅವ್ರೇ... ಅವ್ರೇ ಬೇಕು ಅಂದ್ರು ಮೇಡಂ."

"ಹೌದಾ" ಎಂದರು ಹೇಮಾವತಿ. ಅವನ ಮುಖವನ್ನು ಒಂದು ಸಲ ಪೂರ್ತಿಯಾಗಿ ನೋಡಿದರು. ಕೋಪವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಆ ಭಾನುವಾರದಿಂದ ಕ್ಯಾಮೆರಾ ಮುಟ್ಟಿಲ್ಲ ಅವ್ರು. ಬೆಳಿಗ್ಗೆ ಎದ್ದು ಮಹಡಿ ಮೇಲೆ ಸುಮ್ನೆ ಕುಂತಿರ್ತಾರೆ. ಹಕ್ಕಿ ಬಂದ್ರೂ ನೋಡಲ್ಲ."

ಅಷ್ಟರಲ್ಲಿ ಪಲ್ಲವಿ ಕೂಗಿದಳು. "ಸಾರ್, ಓಬಳೇಶಣ್ಣ, ಇಬ್ರೂ ಫೋಟೋ ಮುಂದೆ ನಿಂತ್ಕಳ್ರಿ, ಗ್ರೂಪಿಗೆ ಹಾಕ್ಬೇಕು." ಯಾರೋ ಅವನನ್ನು ಮುಂದಕ್ಕೆ ತಳ್ಳಿದರು. ಜುಂಜಯ್ಯನವರು ಬಲಗೈ ಎತ್ತಿ ಅವನ ಹೆಗಲ ಮೇಲಿಟ್ಟರು. ಅದು ಇಷ್ಟು ಹಗುರ ಇರುತ್ತದೆ ಎಂದು ಅವನು ಎಣಿಸಿರಲಿಲ್ಲ. ನಡುಕ ಅಂಗಿಯನ್ನು ದಾಟಿ, ಹೆಗಲ ಮೂಳೆಗೆ ಇಳಿದು, ಅಲ್ಲಿಂದ ಎದೆಗೂಡಿನೊಳಗೆ ಒಂದೇ ಸಮನೆ ಹರಿಯತೊಡಗಿತು. ಸರಿಯಬೇಕೆಂದುಕೊಂಡ. ಎದುರಿಗೆ ಜನ, ಹಿಂದೆ ಚಿತ್ರ. ಆಚೆ ಕಂಬದ ಹತ್ತಿರ ಹೇಮಾವತಿಯವರು ಸೆರಗಿನ ಅಂಚು ಹಿಡಿದು ನಿಂತಿದ್ದರು. ಮೊಬೈಲ್ ಎತ್ತಿ ಹಿಡಿದಿದ್ದ ಪಲ್ಲವಿ ಅದನ್ನು ಇಳಿಸಿ, "ಅಲ್ಲಾಡಬೇಡ್ರಿ" ಎಂದಳು.

"ಅವ್ರಿಗೆ ಕೈ..." ಎಂದ ಓಬಳೇಶ.

"ಸಾಹೇಬ್ರಲ್ಲ ಅಣ್ಣ. ನೀವು."

ಹೆಗಲ ಮೇಲಿನ ಆ ಕೈಯನ್ನು ಕೆಳಗಿಳಿಸಲೆಂದು ಅವನು ತನ್ನ ಕೈ ಎತ್ತಿದ. ಎತ್ತಿದ್ದು ಅದರ ಮೇಲೆಯೇ ಕೂತಿತು. ಒತ್ತಿ ಹಿಡಿದ, ಒಂದು ಕ್ಷಣ ನಿಲ್ಲಲಿ ಎಂದು. ಇನ್ನೂ ಗಟ್ಟಿಯಾಗಿ ಒತ್ತಿದ. ನಿಲ್ಲಲಿಲ್ಲ.

"ಹಾ, ಹಂಗೇ ಇರ್ರಿ" ಎಂದಳು ಪಲ್ಲವಿ. "ಬಂತು."